ಸುಮ್ನೆ ಕೂಗುವ ಕ್ಯಾಮೆರಾ, ಕೂಗಬೇಕಾದಾಗ ಸುಮ್ಮನಿರುವ ಕ್ಯಾಮೆರಾ: ಕಡಲತೀರದ ವಿಡಿಯೊ ವಿಶ್ಲೇಷಣೆಯ ದೋಷ ಹುಡುಕುವ ಬಗೆ

ಕಡಲತೀರ, ಬಸ್ ನಿಲ್ದಾಣ, ದೇವಸ್ಥಾನದ ಬೀದಿ, ಇಂಥ ಕಡೆ ಹಾಕಿರುವ ಕ್ಯಾಮೆರಾಗಳು ಈಗ ಬರೀ ರೆಕಾರ್ಡ್ ಮಾಡುವುದಿಲ್ಲ. ಜನರ ಓಡಾಟ ನೋಡುತ್ತಾ ಇದ್ದು, ಏನಾದರೂ ಬೇರೆ ಥರ ಕಂಡರೆ ಅಲಾರಂ ಕೊಡುತ್ತವೆ. ಯಾರೋ ಓಡಿದರು, ಯಾರೋ ಬಿದ್ದರು, ಕೆಂಪು ಬಾವುಟ ಹಾರುತ್ತಿದ್ದಾಗ ನೀರಿಗಿಳಿದರು, ಗುಂಪು ಒಮ್ಮೆಲೇ ಚದುರಿತು, ಹೀಗೆ. ನಾನು ಕಾರವಾರ, ಅಂಕೋಲಾ, ಶಿರಸಿ ಕಡೆ ಇಂಥ ವ್ಯವಸ್ಥೆಗಳ ರಿಪೇರಿ ನೋಡುತ್ತೇನೆ. ನನಗೆ ಬರುವ ದೂರು ಎರಡೇ ಬಗೆಯವು. ಏನೂ ಆಗದಿದ್ದರೂ ಅಲಾರಂ ಬರುತ್ತದೆ ಎಂಬುದು ಒಂದು. ಆಗಬೇಕಾದಾಗ ಅಲಾರಂ ಬರಲಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಬೇಸರ ತರುತ್ತದೆ, ಎರಡನೆಯದು ಜೀವ ತೆಗೆಯಬಹುದು. ಮೊದಲನೆಯದನ್ನು ಅವಸರದಲ್ಲಿ ಸರಿಮಾಡಲು ಹೋಗಿಯೇ ಎರಡನೆಯದು ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಒಳಗೆ ನಡೆಯುವ ಕೆಲಸ ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಸಾಫ್ಟ್‌ವೇರ್ ಹೆಚ್ಚಾಗಿ ಮೊದಲು ಚಿತ್ರದಲ್ಲಿ ಮನುಷ್ಯರನ್ನು ಗುರುತಿಸುತ್ತದೆ. ಆಮೇಲೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟು ಫ್ರೇಮಿನಿಂದ ಫ್ರೇಮಿಗೆ, ಅಂದರೆ ವಿಡಿಯೊದ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ, ಹಿಂಬಾಲಿಸುತ್ತದೆ. ಕೊನೆಗೆ ಆ ನಡಿಗೆಯನ್ನು ತಾನು ಮೊದಲು ಕಲಿತ ‘ಮಾಮೂಲಿ’ ನಡಿಗೆಯ ಜೊತೆ ಹೋಲಿಸುತ್ತದೆ. ತಾಳೆಯಾಗದಿದ್ದರೆ ಅಲಾರಂ. ಗುರುತಿಸುವುದು, ಹಿಂಬಾಲಿಸುವುದು, ಹೋಲಿಸುವುದು: ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಕಂಡುಹಿಡಿಯುವುದೇ ನಮ್ಮ ಕೆಲಸ.

ಎಲ್ಲಕ್ಕೂ ಮೊದಲು: ಅಲಾರಂ ಬಂದ ಹೊತ್ತು ಬರೆದಿಡಿ

ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ನಾಲ್ಕೈದು ದಿನ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋಗಿ: ಕ್ಯಾಮೆರಾ ನಂಬರ್, ಹೊತ್ತು, ಚಿತ್ರದಲ್ಲಿ ನಿಜಕ್ಕೂ ಏನಿತ್ತು, ಮಳೆ ಗಾಳಿ ಇತ್ತಾ ಇಲ್ವಾ. ರೆಕಾರ್ಡರಿನ ಗಡಿಯಾರವೂ ನಿಮ್ಮ ಫೋನಿನ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿವೆಯಾ ಎಂದು ಆಗಲೇ ನೋಡಿಬಿಡಿ.

ದಿನಾ ಅದೇ ಹೊತ್ತಿಗೆ ಅಲಾರಂ ಬಂದರೆ ಬಿಸಿಲು ಅಥವಾ ಬೀದಿದೀಪದ ಕೆಲಸ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋದರೆ ಅದು ಕಡಲಿನ ಕೆಲಸ. ಗಾಳಿ ಬೀಸಿದಾಗ ಮಾತ್ರ ಬಂದರೆ ಕಂಬ ಅಲ್ಲಾಡುತ್ತಿದೆ, ಇಲ್ಲಾ ಗಾಳಿಮರದ ಕೊಂಬೆ ಅಡ್ಡ ಬರುತ್ತಿದೆ. ಹೊತ್ತುಗೊತ್ತಿಲ್ಲದೆ ಬಂದರೆ ಕೇಬಲ್, ಕರೆಂಟ್ ಅಥವಾ ನೆಟ್‌ವರ್ಕ್ ಮೇಲೆ ಅನುಮಾನಪಡಿ. ಈ ಒಂದು ಪುಟ ಕೈಯಲ್ಲಿದ್ದರೆ ಎಷ್ಟೋ ಸಲ ಏಣಿ ಹತ್ತುವ ಕೆಲಸವೇ ಇರುವುದಿಲ್ಲ.

ಲಕ್ಷಣ: ದಿನಾ ಸಂಜೆ ಒಂದೇ ಹೊತ್ತಿಗೆ ಸುಳ್ಳು ಅಲಾರಂ

ನಮ್ಮ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಸೂರ್ಯ ಇಳಿಯುವಾಗ ಬೆಳಕು ನೇರ ಲೆನ್ಸಿಗೇ ಬೀಳುತ್ತದೆ, ಮನುಷ್ಯರ ನೆರಳು ಅವರಿಗಿಂತ ಮೂರು ಪಟ್ಟು ಉದ್ದವಾಗುತ್ತದೆ. ಕಾರವಾರದಲ್ಲಿ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸು, ಜೂನಿನಲ್ಲಿ ಏಳರ ಆಸುಪಾಸು. ಸುಳ್ಳು ಅಲಾರಮ್ಮಿನ ಹೊತ್ತೂ ತಿಂಗಳು ಕಳೆದಂತೆ ಹಾಗೇ ನಿಧಾನಕ್ಕೆ ಸರಿಯುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಮೊದಲು ಕ್ಯಾಮೆರಾದ ಮೇಲಿನ ಬಿಸಿಲು ಮರೆ ಮುಂದಕ್ಕೆ ಎಳೆದಿದೆಯಾ ನೋಡಿ. ಆಮೇಲೆ ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಾಗಿಸಿ. ಚೌಕಟ್ಟಿನಲ್ಲಿ ಆಕಾಶ ಕಡಿಮೆ ಇದ್ದಷ್ಟೂ ಒಳ್ಳೆಯದು. ಕತ್ತಲೆ ಬೆಳಕು ಎರಡನ್ನೂ ಸಂಭಾಳಿಸುವ ಡಬ್ಲ್ಯುಡಿಆರ್ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಅಲ್ಲಾಡದ ಹಿನ್ನೆಲೆಯನ್ನು ಚಿತ್ರದಿಂದ ಕಳೆದು ಚಲನೆ ಹುಡುಕುವ ಹಳೆಯ ಬಗೆಯ ಸಾಫ್ಟ್‌ವೇರ್ ಆಗಿದ್ದರೆ ನೆರಳನ್ನು ಬೇರೆ ಮಾಡುವ ಆಯ್ಕೆ ಇದೆಯಾ ನೋಡಿ. ಓಪನ್‌ಸಿವಿ ಎಂಬ ಉಚಿತ ಸಾಫ್ಟ್‌ವೇರ್ ಸಂಗ್ರಹದಲ್ಲಿರುವ, ಹಿನ್ನೆಲೆ ಕಳೆಯುವ ಎಂಒಜಿ2 ವಿಧಾನದಲ್ಲಿ ನೆರಳಿಗೆ 127 ಎಂಬ ಬೂದು ಬೆಲೆ ಸಿಗುತ್ತದೆ, ಚಲಿಸುವ ವಸ್ತುವಿಗೆ 255. ಮುಂದಿನ ಹಂತದಲ್ಲಿ 127ನ್ನು ಬಿಡಬೇಕು. ಅದನ್ನೇ ಮರೆತು ಸೊನ್ನೆ ಅಲ್ಲದ್ದನ್ನೆಲ್ಲ ಮನುಷ್ಯ ಎಂದು ಲೆಕ್ಕ ಹಾಕಿದ ವ್ಯವಸ್ಥೆಗಳು ನನ್ನ ಕೈಗೆ ಬಂದಿವೆ.

ಸಂಜೆ ಬೀದಿದೀಪ ಹೊತ್ತಿದ ಕೂಡಲೇ ಶುರುವಾಗಿ ಬೆಳಗಿನವರೆಗೂ ಇರುವ ಅಲಾರಮ್ಮಿಗೆ ಕಾರಣ ಬೇರೆ. ಚಿತ್ರದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿಯುತ್ತಿವೆಯಾ? ನಮ್ಮಲ್ಲಿ ಕರೆಂಟ್ 50 ಹರ್ಟ್ಜ್‌ನದು. ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕ್ಯಾಮೆರಾದಲ್ಲಿ 60 ಹರ್ಟ್ಜ್ ಎಂದಿದ್ದರೆ 50ಕ್ಕೆ ಬದಲಿಸಿ. ಎರಡು ನಿಮಿಷದ ಕೆಲಸ.

ಲಕ್ಷಣ: ಅಲಾರಮ್ಮಿನ ಹೊತ್ತು ದಿನಕ್ಕೆ ಮುಕ್ಕಾಲು ತಾಸಿನಷ್ಟು ಮುಂದೆ ಹೋಗುತ್ತಿದೆ

ಇದರ ಮೂಲ ಹಿಡಿಯಲು ಮೊದಲ ಸಲ ನನಗೆ ಎರಡು ವಾರ ಬೇಕಾಯಿತು. ಸೋಮವಾರ ಮೂರು ಗಂಟೆಗೆ ‘ಗುಂಪು ಓಡುತ್ತಿದೆ’ ಎಂಬ ಅಲಾರಂ. ಮಂಗಳವಾರ ಅದೇ ಅಲಾರಂ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ. ಬುಧವಾರ ನಾಲ್ಕೂ ಮುಕ್ಕಾಲರ ಸುಮಾರಿಗೆ. ಸಾಫ್ಟ್‌ವೇರ್ ಬದಲಿಸಿದೆವು, ಕೇಬಲ್ ಬದಲಿಸಿದೆವು. ಕೊನೆಗೆ ಸುಮ್ನೆ ತೀರದಲ್ಲಿ ಕೂತಾಗ ಕಂಡಿತು. ಭರತದ ನೀರು ಮೇಲೆ ಬಂದು, ಕ್ಯಾಮೆರಾ ನೋಡುತ್ತಿದ್ದ ಮರಳಿನ ಅಂಚಿನ ಮೇಲೆ ನೊರೆ ಹರಡಿ ವಾಪಸ್ ಎಳೆಯುತ್ತಿತ್ತು. ಚಂದ್ರನ ಓಟದಿಂದಾಗಿ ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಒಂದು ಭರತಕ್ಕೂ ಮುಂದಿನ ಭರತಕ್ಕೂ ನಡುವೆ ಹನ್ನೆರಡೂವರೆ ತಾಸಿಗೆ ಸ್ವಲ್ಪ ಕಡಿಮೆ ಅಂತರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುವುದರಿಂದ ಅಲಾರಮ್ಮೂ ಜಾಸ್ತಿ. ಮೀನುಗಾರರ ಮನೆಯ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕ ಆ ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ನೊರೆ ಯಾಕೆ ಓಡುವ ಗುಂಪಿನಂತೆ ಕಾಣುತ್ತದೆ ಅಂದರೆ, ಆ ಸಾಫ್ಟ್‌ವೇರ್ ಮನುಷ್ಯರನ್ನು ಗುರುತಿಸದೆ ಬರೀ ಚಲನೆಯ ಹರಿವನ್ನು ಅಳೆಯುತ್ತಿತ್ತು. ಆಪ್ಟಿಕಲ್ ಫ್ಲೋ ಎನ್ನುವ ಈ ವಿಧಾನ 1981ರಿಂದ ಬಳಕೆಯಲ್ಲಿದೆ. ಚಿತ್ರದ ಪ್ರತಿ ಚುಕ್ಕಿ ಎತ್ತ ಸರಿಯಿತು ಎಂದಷ್ಟೇ ಅದು ಹೇಳುತ್ತದೆ, ಸರಿದದ್ದು ಮನುಷ್ಯನೋ ನೀರೋ ಎಂದು ಹೇಳುವುದಿಲ್ಲ. ಇನ್ನೊಂದು ತೊಡಕಿದೆ. ಅಲೆ ಇಳಿದ ಮೇಲೆ ಒದ್ದೆ ಮರಳು ಕನ್ನಡಿಯಾಗುತ್ತದೆ. ನಡೆಯುವವರ ತಲೆಕೆಳಗಾದ ಬಿಂಬ ಅದರಲ್ಲಿ ಕಾಣುತ್ತದೆ, ಒಬ್ಬರು ಇಬ್ಬರಾಗುತ್ತಾರೆ.

ಅಗ್ಗದ ಪರಿಹಾರ ಎಂದರೆ ಅಲೆ ಆಡುವ ಜಾಗಕ್ಕೆ ಮಾಸ್ಕ್ ಹಾಕುವುದು, ಅಂದರೆ ಆ ಭಾಗವನ್ನು ನೋಡಲೇಬೇಡ ಎಂದು ಸಾಫ್ಟ್‌ವೇರಿಗೆ ಹೇಳುವುದು. ದಯವಿಟ್ಟು ಇಲ್ಲಿ ಎಚ್ಚರ. ಜನ ಮುಳುಗುವುದು ಅದೇ ಜಾಗದಲ್ಲಿ. ಮಾಸ್ಕನ್ನು ಚಲನೆ ಅಳೆಯುವ ನಿಯಮಕ್ಕೆ ಮಾತ್ರ ಹಾಕಿ. ಮನುಷ್ಯರನ್ನು ಗುರುತಿಸುವ ನಿಯಮ ಅಲ್ಲಿ ಕೆಲಸ ಮಾಡುತ್ತಲೇ ಇರಲಿ. ‘ಈ ಗೆರೆ ದಾಟಬಾರದು’ ಎಂಬ ಗೆರೆಯನ್ನು ಇಳಿತದ ಹೊತ್ತಿನಲ್ಲಿ ಎಳೆದಿದ್ದರೆ ಭರತದಲ್ಲಿ ಅದು ನೀರಿನೊಳಗೆ ಇರುತ್ತದೆ. ಎರಡು ಗೆರೆ ಎಳೆದು, ಭರತ ಇಳಿತದ ಪಟ್ಟಿ ನೋಡಿ ಹೊತ್ತಿಗೆ ತಕ್ಕಂತೆ ಬದಲಾಗುವ ಹಾಗೆ ಮಾಡಿ. ಸಾಫ್ಟ್‌ವೇರಿನಲ್ಲಿ ಆ ಅನುಕೂಲ ಇಲ್ಲದಿದ್ದರೆ ದಡಕ್ಕೆ ಹತ್ತಿರದ ಗೆರೆಯನ್ನೇ ಇಟ್ಟುಕೊಳ್ಳಿ. ಸುಳ್ಳು ಅಲಾರಂ ನಾಲ್ಕು ಜಾಸ್ತಿ ಬಂದರೂ ಪರವಾಗಿಲ್ಲ.

ಲಕ್ಷಣ: ರಾತ್ರಿ ಯಾರೂ ಇಲ್ಲದಿದ್ದರೂ ‘ಯಾರೋ ಓಡಾಡುತ್ತಿದ್ದಾರೆ’

ಇದು ಹೆಚ್ಚಾಗಿ ಒಂದು ಬಾಲ್ದಿ ನೀರಿನಲ್ಲಿ ಮುಗಿಯುವ ಕೆಲಸ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕಾಗಿ ಜೇಡ ಬಲೆ ಕಟ್ಟುತ್ತದೆ. ಲೆನ್ಸಿಗೆ ಒಂದು ಬೆರಳು ದೂರದಲ್ಲಿ ತೂಗುವ ಒಂದು ಎಳೆ ಕ್ಯಾಮೆರಾಕ್ಕೆ ಬೆಳ್ಳಗೆ, ದಪ್ಪಗೆ, ಬೀದಿಯ ತುಂಬ ಸರಿದಾಡುವ ಆಕಾರವಾಗಿ ಕಾಣುತ್ತದೆ. ತೀರದ ಕ್ಯಾಮೆರಾಗಳಿಗೆ ಇದರ ಮೇಲೆ ಉಪ್ಪಿನ ಪದರವೂ ಸೇರುತ್ತದೆ. ಹಗಲಲ್ಲಿ ಚಿತ್ರ ಚೆನ್ನಾಗಿದ್ದು ರಾತ್ರಿ ಮಾತ್ರ ಹಾಲು ಚೆಲ್ಲಿದಂತೆ ಮಂಜಾದರೆ ಉಪ್ಪು ಕೂತಿದೆ ಎಂದೇ ತಿಳಿಯಿರಿ.

ಒಣ ಬಟ್ಟೆಯಲ್ಲಿ ತಿಕ್ಕಬೇಡಿ. ಉಪ್ಪಿನ ಹರಳು ಪ್ಲಾಸ್ಟಿಕ್ ಗುಮ್ಮಟದ ಮೇಲೆ ಗೀರು ಹಾಕುತ್ತದೆ, ಜೊತೆಗೆ ಕೂತ ಮರಳು ಗಾಜಿನ ಮೇಲೂ ಹಾಕುತ್ತದೆ. ಆ ಗೀರು ಹೋಗುವುದಿಲ್ಲ, ಪ್ರತಿ ರಾತ್ರಿ ಹೊಳೆಯುತ್ತದೆ. ಮೊದಲು ಸಿಹಿನೀರು ಸುರಿದು ಉಪ್ಪು ಕರಗಿಸಿ, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕೆಳಗೆ ನಿಂತು ಕೈಗೆಟುಕುವಷ್ಟು ಎತ್ತರದಲ್ಲಿದ್ದರೆ ನೀವೇ ಮಾಡಿ. ಕಂಬದ ಮೇಲಿದ್ದರೆ ಉದ್ದ ಕೋಲಿನ ಮೆತ್ತನೆ ಬ್ರಷ್ ಸಾಕು. ಗುಮ್ಮಟದ ಒಳಗೇ ಹಬೆ ಕಟ್ಟಿದ್ದರೆ ರಬ್ಬರ್ ಸೀಲ್ ಹೋಗಿದೆ. ಅದು ತೊಳೆದರೆ ಹೋಗುವಂಥದ್ದಲ್ಲ, ಬಿಚ್ಚಿ ಸೀಲ್ ಬದಲಿಸಬೇಕು.

ಲಕ್ಷಣ: ನಡೆಯುವವರನ್ನೆಲ್ಲ ಓಡುತ್ತಿದ್ದಾರೆ ಎನ್ನುತ್ತದೆ

ದೊಡ್ಡವರು ಆರಾಮವಾಗಿ ನಡೆದರೆ ಸೆಕೆಂಡಿಗೆ ಸುಮಾರು 1.4 ಮೀಟರ್, ಅಂದರೆ ಗಂಟೆಗೆ 5 ಕಿಲೋಮೀಟರ್. ಒಂದು ಟೇಪ್ ತಂದು ಕ್ಯಾಮೆರಾ ಕಾಣುವ ಜಾಗದಲ್ಲಿ 10 ಮೀಟರ್ ಗುರುತು ಹಾಕಿ. ಅದರ ಮೇಲೆ ನೀವೇ ಮಾಮೂಲಿಯಂತೆ ನಡೆಯಿರಿ. ಏಳು ಸೆಕೆಂಡ್ ಹಿಡಿಯುತ್ತದೆ. ಸಾಫ್ಟ್‌ವೇರ್ ಎಷ್ಟು ವೇಗ ತೋರಿಸಿತು ನೋಡಿ. ಇದನ್ನು ಮೂರು ಕಡೆ ಮಾಡಿ: ಕ್ಯಾಮೆರಾ ಹತ್ತಿರ, ನಡುವೆ, ದೂರ.

ಎಲ್ಲ ಕಡೆಯೂ ಹೆಚ್ಚುಕಡಿಮೆ ದುಪ್ಪಟ್ಟು ತೋರಿಸಿದರೆ ಫ್ರೇಮ್ ಲೆಕ್ಕ ತಪ್ಪಿದೆ. ಸಾಫ್ಟ್‌ವೇರ್ ಸೆಕೆಂಡಿಗೆ 25 ಫ್ರೇಮ್ ಬರುತ್ತಿದೆ ಎಂದುಕೊಂಡಿದೆ, ನಿಜಕ್ಕೆ ಬರುತ್ತಿರುವುದು ಹನ್ನೆರಡೋ ಹದಿಮೂರೋ. ಎರಡು ಹೆಜ್ಜೆಯನ್ನು ಒಂದು ಎಂದು ಎಣಿಸಿದಂತೆ ಆಗುತ್ತದೆ. ನಡೆಯುವ ಅಜ್ಜಿಯೂ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಓಡುತ್ತಾಳೆ. ಫ್ರೇಮ್ ಎಣಿಸುವ ಬದಲು ಪ್ರತಿ ಫ್ರೇಮಿನ ಮೇಲಿನ ಸಮಯದ ಮುದ್ರೆ ನೋಡಿ ಲೆಕ್ಕ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಆಮೇಲೆ ಫ್ರೇಮ್ ಎಲ್ಲಿ ಬಿದ್ದುಹೋಗುತ್ತಿದೆ ಎಂದು ಹುಡುಕಿ.

ಹತ್ತಿರ ಸರಿ ಇದ್ದು ದೂರದಲ್ಲಿ ಮಾತ್ರ ತಪ್ಪಿದರೆ ನೆಲದ ಅಳತೆ ಕೆಟ್ಟಿದೆ. ಚಿತ್ರದ ಚುಕ್ಕಿಯನ್ನು ನೆಲದ ಮೀಟರಿಗೆ ಬದಲಿಸಲು ಅಳವಡಿಸುವವರು ನಾಲ್ಕು ಗುರುತು ಕೊಟ್ಟಿರುತ್ತಾರೆ. ಗಾಳಿಗೆ ಕ್ಯಾಮೆರಾ ಎರಡು ಬೆರಳಷ್ಟು ತಿರುಗಿದರೂ ಆ ನಾಲ್ಕೂ ಗುರುತು ಸುಳ್ಳಾಗುತ್ತವೆ. ಅಳವಡಿಸಿದ ದಿನದ ಒಂದು ಫೋಟೊ ಇಟ್ಟುಕೊಂಡಿದ್ದರೆ ಇವತ್ತಿನ ಚಿತ್ರದ ಪಕ್ಕ ಇಟ್ಟು ನೋಡಿ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ನಾಲ್ಕು ಗುರುತನ್ನು ಹೊಸದಾಗಿ ಕೊಡುವುದು ನಮ್ಮ ತೀರದಲ್ಲಿ ಬಿಡಬಾರದ ಕೆಲಸ. ಮಳೆಗಾಲದಲ್ಲಿ ಮರಳೂ ಜಾಗ ಬದಲಿಸಿರುತ್ತದೆ.

ಫ್ರೇಮ್ ಬೀಳಲು ನಮ್ಮಲ್ಲಿ ದೊಡ್ಡ ಕಾರಣ ಉಪ್ಪುಗಾಳಿ. ಕೇಬಲ್ಲಿನ ಕನೆಕ್ಟರ್ ಬಿಚ್ಚಿ ನೋಡಿದರೆ ಹೊಳೆಯಬೇಕಾದ ಎಂಟು ಕಡ್ಡಿಗಳಲ್ಲಿ ಒಂದೆರಡು ಹಸಿರಾಗಿರುತ್ತವೆ. ಅದು ಕಿಲುಬು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ನೀರು ಹೋಗದ ಡಬ್ಬಿಯೊಳಗೆ ಇಡಿ. ಕೇಬಲ್ ಉದ್ದವನ್ನೂ ಅಳೆಯಿರಿ. ಈಥರ್ನೆಟ್ ಕೇಬಲ್ 100 ಮೀಟರಿಗಿಂತ ಉದ್ದ ಎಳೆಯುವಂತಿಲ್ಲ. ರಾತ್ರಿ ಇನ್‌ಫ್ರಾರೆಡ್ ಹೊತ್ತಿದ ಕೂಡಲೇ ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಕರೆಂಟ್ ಸಾಲುತ್ತಿಲ್ಲ ಎಂದರ್ಥ.

ಕರೆಂಟಿನ ಡಬ್ಬಿ ತೆರೆಯುವ ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ. ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಿಂತು ಡಬ್ಬಿಗೆ ಕೈ ಹಾಕಲೇಬೇಡಿ. ಕಂಬ ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೆ ನಿಲ್ಲಿಸಿ. ಜನರನ್ನು ದೂರ ಕಳಿಸಿ, ಹೆಸ್ಕಾಂನ 1912ಕ್ಕೆ ಫೋನ್ ಮಾಡಿ. ಗುಡುಗು ಕೇಳಿಸುತ್ತಿದ್ದರೆ ಏಣಿ, ಕಂಬ ಎರಡೂ ಬೇಡ.

ಲಕ್ಷಣ: ಒಬ್ಬರಿಗೇ ನಾಲ್ಕೈದು ನಂಬರ್, ದೂರದವರಿಗೆ ನಂಬರೇ ಇಲ್ಲ

ಮಳೆಯಲ್ಲಿ ಇದು ಜಾಸ್ತಿ. ಕೊಡೆಯ ಅಡಿಯಲ್ಲಿ ತಲೆ ಕಾಣುವುದಿಲ್ಲ, ಒಬ್ಬರ ಕೊಡೆ ಇನ್ನೊಬ್ಬರನ್ನು ಮರೆಮಾಡುತ್ತದೆ. ಹಿಂಬಾಲಿಸುವ ಸಾಫ್ಟ್‌ವೇರ್ ಮನುಷ್ಯ ಮರೆಯಾದ ಮೇಲೆ ಸ್ವಲ್ಪ ಹೊತ್ತು ಕಾಯುತ್ತದೆ. ಹಲವು ಕಡೆ ಮೊದಲೇ ಇಟ್ಟಿರುವ ಲೆಕ್ಕ 30 ಫ್ರೇಮ್, ಅಂದರೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಮತ್ತೆ ಕಾಣದಿದ್ದರೆ ಅವರು ಹೊಸ ಮನುಷ್ಯ. ‘ಹತ್ತು ನಿಮಿಷ ಒಂದೇ ಕಡೆ ನಿಂತಿದ್ದಾರೆ’ ಎಂಬ ಅಲಾರಂ ಯಾವತ್ತೂ ಬರದಿರುವುದಕ್ಕೆ ಇದೇ ಕಾರಣ. ಪ್ರತಿ ಹೊಸ ನಂಬರಿಗೂ ಗಡಿಯಾರ ಸೊನ್ನೆಯಿಂದ ಶುರುವಾಗುತ್ತದೆ. ಆ 30ನ್ನು 60 ಅಥವಾ 90ಕ್ಕೆ ಏರಿಸಿ ನೋಡಿ.

ದೂರದವರು ಕಾಣದಿದ್ದರೆ ಎತ್ತರ ಅಳೆಯಿರಿ. 1920 ಪಿಕ್ಸೆಲ್ ಅಗಲದ ಚಿತ್ರವನ್ನು ಅನೇಕ ಸಾಫ್ಟ್‌ವೇರ್‌ಗಳು 640ಕ್ಕೆ ಕುಗ್ಗಿಸಿ ನೋಡುತ್ತವೆ. ಪರದೆಯಲ್ಲಿ ನಿಮಗೆ 60 ಪಿಕ್ಸೆಲ್ ಎತ್ತರ ಕಾಣುವ ಮನುಷ್ಯ ಯಂತ್ರಕ್ಕೆ 20 ಪಿಕ್ಸೆಲ್ ಮಾತ್ರ. ಸೆಟ್ಟಿಂಗಿನಲ್ಲಿ ಇದಕ್ಕೆ ಮದ್ದಿಲ್ಲ. ಚಿತ್ರವನ್ನು ತುಂಡು ಮಾಡಿ ನೋಡುವ ಸಾಮರ್ಥ್ಯದ ಕಂಪ್ಯೂಟರ್ ಬೇಕು, ಇಲ್ಲಾ ಹತ್ತಿರದಲ್ಲಿ ಇನ್ನೊಂದು ಕ್ಯಾಮೆರಾ ಬೇಕು. ಇಡೀ ತೀರವನ್ನು ಒಂದೇ ಕ್ಯಾಮೆರಾದಲ್ಲಿ ಕಾಯುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಲಕ್ಷಣ: ಜಾತ್ರೆ, ಸುಗ್ಗಿ, ಬಲೆ ಎಳೆಯುವ ದಿನ ಎಲ್ಲವೂ ‘ಅಸಹಜ’

ಇಲ್ಲಿ ಕ್ಯಾಮೆರಾ ಸರಿ ಇರುತ್ತದೆ, ಕೇಬಲ್ ಸರಿ ಇರುತ್ತದೆ. ದೋಷ ಇರುವುದು ಅದು ಕಲಿತ ಪಾಠದಲ್ಲಿ.

ಈ ಬಗೆಯ ಸಾಫ್ಟ್‌ವೇರಿಗೆ ಕಲಿಸುವಾಗ ಮಾಮೂಲಿ ದಿನಗಳ ವಿಡಿಯೊ ಮಾತ್ರ ತೋರಿಸುತ್ತಾರೆ. ಅದರಲ್ಲಿ ಇಲ್ಲದ್ದೆಲ್ಲ ಅಸಹಜ. ಜಗತ್ತಿನ ಸಂಶೋಧಕರು ತುಂಬ ಬಳಸಿದ ಒಂದು ವಿಡಿಯೊ ಸಂಗ್ರಹ 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಆವರಣದ ಕಾಲುದಾರಿಗಳಿಂದ ಬಂತು. ಅದರ ಎರಡನೆಯ ಭಾಗದಲ್ಲಿ ಕಲಿಯಲು 16, ಪರೀಕ್ಷೆಗೆ 12 ತುಣುಕುಗಳಿವೆ. ಅದರಲ್ಲಿ ಬರೀ ನಡೆಯುವವರು ಮಾಮೂಲಿ. ಸೈಕಲ್, ಸ್ಕೇಟಿಂಗ್, ಚಿಕ್ಕ ಗಾಡಿ, ಕೊನೆಗೆ ವೀಲ್‌ಚೇರ್ ಕೂಡ ಅಸಹಜದ ಪಟ್ಟಿಯಲ್ಲಿ. ಆ ಕಾಲುದಾರಿಯ ಪ್ರಯೋಗಕ್ಕೆ ಅದು ಸರಿ ಇದ್ದಿರಬಹುದು. ನಮ್ಮ ತೀರದಲ್ಲಿ ವೀಲ್‌ಚೇರ್ ತಳ್ಳಿಕೊಂಡು ಅಪ್ಪನಿಗೆ ಸಮುದ್ರ ತೋರಿಸಲು ಬಂದವರ ಮೇಲೆ ಅಲಾರಂ ಕೂಗಬಾರದು. ಕುಂಟುತ್ತಾ ನಡೆಯುವವರ ಮೇಲೂ ಕೂಗಬಾರದು. ಇದು ತಾಂತ್ರಿಕ ದೋಷ ಅಲ್ಲ ಎಂದು ಯಾರೇ ಹೇಳಲಿ, ನಾನು ಇದನ್ನು ದೊಡ್ಡ ದೋಷ ಎಂದೇ ಬರೆದುಕೊಳ್ಳುತ್ತೇನೆ. ಅಂಥ ವಿಡಿಯೊಗಳನ್ನು ಮಾಮೂಲಿಯ ಪಾಠಕ್ಕೆ ಸೇರಿಸುವವರೆಗೆ ಕೆಲಸ ಮುಗಿಯಿತು ಎಂದು ಸಹಿ ಹಾಕುವುದಿಲ್ಲ.

ಮಳೆಗಾಲ ಕಳೆದು ರಾಂಪಣಿ ಬಲೆ ಇಳಿದಾಗ ಏನಾಗುತ್ತದೆ ನೋಡಿ. ಎರಡು ಸಾಲು ಜನ ಹಗ್ಗ ಹಿಡಿದು ಕಡಲಿಗೆ ಮುಖ ಮಾಡಿ, ಬೆನ್ನು ಹಿಂದಾಗಿ ಹೆಜ್ಜೆ ಇಡುತ್ತಾ ಮರಳು ಹತ್ತುತ್ತಾರೆ. ಹಿಂದಿನ ತುದಿ ತಲುಪಿದವರು ಹಗ್ಗ ಬಿಟ್ಟು, ಓಡಿ ಬಂದು, ಮೊಣಕಾಲು ನೀರಿಗಿಳಿದು ಮತ್ತೆ ಮುಂದಿನಿಂದ ಹಿಡಿಯುತ್ತಾರೆ. ಯಂತ್ರದ ಲೆಕ್ಕದಲ್ಲಿ ಇದು ಗುಂಪುಗೂಡಿಕೆ, ಓಟ, ನೀರಿನ ಗೆರೆ ದಾಟಿದ್ದು, ಮೂರೂ ಒಟ್ಟಿಗೆ. ಪರೀಕ್ಷೆಗೆ ಹೋಗಿದ್ದಾಗ ಹಗ್ಗ ಎಳೆಯುತ್ತಿದ್ದ ಹಿರಿಯರೊಬ್ಬರಿಗೆ ಪರದೆ ತೋರಿಸಿದೆ. ‘ತಮಾ, ನಾವು ಹಿಂದೆ ಹೋಗದೆ ಬಲೆ ದಡಕ್ಕೆ ಬರೋದು ಹೆಂಗೆ?’ ಎಂದು ಕೇಳಿದರು. ಅವತ್ತಿನ ಎರಡು ತಾಸಿನ ವಿಡಿಯೊವನ್ನು ಅವರ ಒಪ್ಪಿಗೆ ಪಡೆದು ಪಾಠಕ್ಕೆ ಸೇರಿಸಿದೆವು. ಆಮೇಲೆ ಬಲೆ ಎಳೆಯುವಾಗ ಅಲಾರಂ ಬಹಳ ಕಮ್ಮಿ ಆಯಿತು.

ಅಂಕೋಲಾ ಕಡೆ ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡ ತಲೆಗೆ ಎತ್ತರದ ತುರಾಯಿ ಕಟ್ಟಿ ಬೀದಿಯಲ್ಲಿ ಸುತ್ತು ಕಟ್ಟಿ ಕುಣಿಯುತ್ತದೆ. ತುರಾಯಿಯ ಎತ್ತರದಿಂದಾಗಿ ಆ ಸಾಫ್ಟ್‌ವೇರ್ ಕೆಲವರನ್ನು ಮನುಷ್ಯ ಎಂದೇ ಗುರುತಿಸಲಿಲ್ಲ. ಶಿರಸಿಯ ಬೇಡರ ವೇಷ ಇನ್ನೂ ಕಠಿಣ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ. ನವಿಲುಗರಿ ಕಟ್ಟಿದ ಬೇಡ ಹಾರಿ ಹಾರಿ ಮೇಲೆ ಬರುತ್ತಾನೆ, ಹಿಂದಿನಿಂದ ಹಗ್ಗ ಹಿಡಿದವರು ಎಳೆದು ನಿಲ್ಲಿಸುತ್ತಾರೆ, ಎದುರಿನ ಜನ ಕಿರುಚಿ ಚದುರುತ್ತಾರೆ, ಮರುಗಳಿಗೆ ನಗುತ್ತಾ ವಾಪಸ್ ಬರುತ್ತಾರೆ. ಗಾಬರಿಯಿಂದ ಓಡುವ ಗುಂಪಿಗೂ ಇದಕ್ಕೂ ಮೊದಲ ಎರಡು ಸೆಕೆಂಡಿನಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಆಮೇಲೆ: ಇಲ್ಲಿ ಜನ ವಾಪಸ್ ಬರುತ್ತಾರೆ, ನಿಜವಾದ ಗಾಬರಿಯಲ್ಲಿ ಬರುವುದಿಲ್ಲ.

ಇಂಥ ದಿನಗಳಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಅಲಾರಂ ಕಿರಿಕಿರಿ ತಡೆಯಲಾರದೆ, ಎಷ್ಟು ವ್ಯತ್ಯಾಸ ಕಂಡರೆ ಅಲಾರಂ ಕೊಡಬೇಕು ಎಂಬ ಮಿತಿಯನ್ನು ಮೇಲೇರಿಸುತ್ತಾರೆ, ಹಬ್ಬ ಮುಗಿದ ಮೇಲೆ ಇಳಿಸಲು ಮರೆಯುತ್ತಾರೆ. ಹಾಗೆ ಮಾಡಬೇಡಿ. ಹಬ್ಬಕ್ಕೇ ಬೇರೆ ಸೆಟ್ಟಿಂಗ್ ಮಾಡಿ, ಶುರು ಮತ್ತು ಕೊನೆಯ ತಾರೀಕು ಹಾಕಿ, ತನ್ನಷ್ಟಕ್ಕೆ ಹಳೆಯದಕ್ಕೆ ಮರಳುವಂತೆ ಇಡಿ. ಓಟ, ಗುಂಪು ಎಂಬ ಅಲಾರಂಗಳನ್ನು ಕಮ್ಮಿ ಮಾಡಿದರೂ ದಟ್ಟಣೆಯ ಅಲಾರಮ್ಮನ್ನು ಮುಟ್ಟಬೇಡಿ. ಶಿರಸಿಯ ಜಾತ್ರೆ ನಡೆಯುವ ಬಿಡಕಿಬಯಲಿನಂಥ ಕಡೆ ಜಾತ್ರೆಯ ದಿನ ನಿಜವಾಗಿ ಕಾಯಬೇಕಾದ್ದು ಅದನ್ನೇ. ಚದರ ಮೀಟರಿಗೆ ನಾಲ್ಕೈದು ಜನ ಮೀರಿದರೆ ಜನರಿಗೆ ತಮ್ಮ ಹೆಜ್ಜೆಯ ಮೇಲೆ ಹಿಡಿತ ತಪ್ಪುತ್ತಾ ಬರುತ್ತದೆ, ತಳ್ಳಾಟ ಅಲೆಯಂತೆ ಹರಿಯುತ್ತದೆ. ಆಗ ಪೊಲೀಸರಿಗೆ ಸುದ್ದಿ ಹೋಗಬೇಕು. ಸೆಟ್ಟಿಂಗ್ ತಿದ್ದುತ್ತಾ ಕೂರುವ ಹೊತ್ತು ಅದಲ್ಲ.

ಲಕ್ಷಣ: ಆಗಬಾರದ್ದು ಆಯಿತು, ಅಲಾರಂ ಬರಲಿಲ್ಲ

ಇಲ್ಲಿ ಮೊದಲ ಕೆಲಸ ಆ ಹೊತ್ತಿನ ವಿಡಿಯೊವನ್ನು ಬೇರೆ ಕಡೆ ಉಳಿಸುವುದು. ರೆಕಾರ್ಡರ್ ಜಾಗ ತುಂಬಿದಾಗ ಹಳೆಯದನ್ನು ಅಳಿಸುತ್ತದೆ. ಎಡಿಟ್ ಮಾಡಬೇಡಿ, ವಾಟ್ಸಾಪಿನಲ್ಲಿ ಕಳಿಸಬೇಡಿ. ತನಿಖೆಗೆ ಬೇಕಾಗಬಹುದು. ಅದರಲ್ಲಿರುವವರು ಯಾರದೋ ಮನೆಯವರು ಎಂಬುದೂ ನೆನಪಿರಲಿ.

ಆಮೇಲೆ ಹಿಂದಿನಿಂದ ಹುಡುಕುತ್ತಾ ಬನ್ನಿ. ಅಲಾರಂ ಹೋಗಬೇಕಾದ ಫೋನ್ ಸೈಲೆಂಟಿನಲ್ಲಿತ್ತಾ? ಸಿಮ್ ಬದಲಾಗಿತ್ತಾ? ಹೋಗಲಿ, ಸಾಫ್ಟ್‌ವೇರಿನ ದಾಖಲೆಯಲ್ಲಿ ಅಲಾರಂ ಹುಟ್ಟಿತ್ತಾ? ಹುಟ್ಟಿದ್ದರೆ ದೋಷ ಕಳಿಸುವ ದಾರಿಯಲ್ಲಿದೆ. ಹುಟ್ಟದಿದ್ದರೆ ಮಿತಿ ನೋಡಿ. ಯಾರಾದರೂ ಏರಿಸಿದ್ದಾರಾ, ಮಾಸ್ಕ್ ದೊಡ್ಡದು ಮಾಡಿದ್ದಾರಾ? ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಸಿಕ್ಕ ಕಾರಣ ಇದೇ. ಕಿರಿಕಿರಿಗೆ ಹಾಕಿದ ಮಾಸ್ಕ್.

ಮಿತಿಯೂ ಸರಿ ಇದ್ದರೆ ಮರಳಿನ ಮೇಲೆ ಒಬ್ಬರು ಮಲಗಿ ಪರೀಕ್ಷೆ ಮಾಡಿ. ನಿಂತ ಮನುಷ್ಯರನ್ನೇ ಹೆಚ್ಚು ಕಂಡು ಕಲಿತ ಸಾಫ್ಟ್‌ವೇರಿಗೆ ಮಲಗಿದವರು ಕಾಣದೇ ಹೋಗಬಹುದು. ಹಿನ್ನೆಲೆ ಕಳೆಯುವ ವಿಧಾನದಲ್ಲಿ ಇನ್ನೊಂದು ಅಪಾಯ ಇದೆ. ಎಂಒಜಿ2 ಮೊದಲೇ ಇಟ್ಟುಕೊಂಡಿರುವ ನೆನಪು 500 ಫ್ರೇಮ್, ಸೆಕೆಂಡಿಗೆ 25ರಂತೆ 20 ಸೆಕೆಂಡು. ಅಲ್ಲಾಡದೆ ಬಿದ್ದ ಮನುಷ್ಯ ಸ್ವಲ್ಪ ಹೊತ್ತಿಗೆ ಯಂತ್ರಕ್ಕೆ ಮರಳಿನ ಭಾಗವೇ ಆಗಿಬಿಡುತ್ತಾನೆ. ಬಿದ್ದವರನ್ನು ಪತ್ತೆಹಚ್ಚಲು ಈ ವಿಧಾನ ಒಂದನ್ನೇ ನಂಬುವಂತಿಲ್ಲ.

ತಡವನ್ನೂ ಅಳೆಯಿರಿ. ಒಬ್ಬರು ನಿಷೇಧದ ಗೆರೆ ದಾಟಲಿ, ಇನ್ನೊಬ್ಬರು ಲೈಫ್‌ಗಾರ್ಡ್ ಫೋನ್ ಹಿಡಿದು ಸೆಕೆಂಡ್ ಎಣಿಸಲಿ. ಪರೀಕ್ಷೆ ಶಾಂತ ಕಡಲಿನಲ್ಲಿ, ಮೊಣಕಾಲು ನೀರಿಗಿಂತ ಒಳಗೆ ಹೋಗದೆ, ಲೈಫ್‌ಗಾರ್ಡ್ ಪಕ್ಕದಲ್ಲಿದ್ದಾಗ ಮಾತ್ರ. 30 ಸೆಕೆಂಡ್ ಆದ ಮೇಲೆ ಬರುವ ಅಲಾರಂ ಮುಳುಗುತ್ತಿರುವವರಿಗೆ ಹೆಚ್ಚೇನೂ ಉಪಯೋಗವಿಲ್ಲ. ಕ್ಯಾಮೆರಾ ಬಂತೆಂದು ಲೈಫ್‌ಗಾರ್ಡ್ ಒಬ್ಬರನ್ನು ಕಡಿಮೆ ಮಾಡುವ ಮಾತು ಬಂದರೆ ಈ ಎಣಿಕೆಯನ್ನು ಮುಂದಿಡಿ.

ಎಲ್ಲಿಗೆ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಪರದೆಯಲ್ಲಿ ನಿಜವಾಗಿ ಯಾರೋ ಅಪಾಯದಲ್ಲಿ ಕಂಡರೆ ದೋಷ ಹುಡುಕುವುದನ್ನು ಅಲ್ಲೇ ಬಿಡಿ. ಲೈಫ್‌ಗಾರ್ಡಿಗೆ ಕೂಗಿ, 112ಕ್ಕೆ ಫೋನ್ ಮಾಡಿ. ಅಲಾರಂ ಬಂತೆಂದು ಯಾರನ್ನೂ ನೀವೇ ತಡೆದು ನಿಲ್ಲಿಸಬೇಡಿ, ಪ್ರಶ್ನೆ ಕೇಳಬೇಡಿ. ನಡಿಗೆ ಬೇರೆ ಥರ ಇತ್ತು ಎಂಬುದು ಯಾರ ಮೇಲೂ ಹೊರಿಸುವ ಆರೋಪ ಅಲ್ಲ.

ಕ್ಯಾಮೆರಾದ ಕೋನ ನೋಡಲು ಡ್ರೋನ್ ಹಾರಿಸುವ ಯೋಚನೆ ಬೇಡ. ಕಾರವಾರ ನೌಕಾನೆಲೆಯ ಊರು, ಅನುಮತಿ ಇಲ್ಲದೆ ಅದು ದೊಡ್ಡ ತೊಂದರೆ ತರುತ್ತದೆ. ಮುಖ ಗುರುತಿಸುವ ಸೌಲಭ್ಯವನ್ನು ‘ನೋಡೋಣ’ ಎಂದು ಆನ್ ಮಾಡಬೇಡಿ. ನಡಿಗೆ ವಿಶ್ಲೇಷಣೆಗೆ ಅದು ಬೇಕಾಗುವುದೇ ಇಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನು 2023ರಲ್ಲೇ ಬಂದಿದೆ. ವಿಡಿಯೊ ಎಷ್ಟು ದಿನ ಇಡಬೇಕು, ಯಾರು ನೋಡಬಹುದು ಎಂಬುದನ್ನು ವ್ಯವಸ್ಥೆಯ ಹೊಣೆ ಹೊತ್ತ ಕಚೇರಿಯಿಂದ ಬರಹದಲ್ಲಿ ಪಡೆಯಿರಿ.

ತೊಳೆದು, ಕನೆಕ್ಟರ್ ಬದಲಿಸಿ, 10 ಮೀಟರ್ ನಡೆದು, ಗೆರೆ ಸರಿಮಾಡಿದ ಮೇಲೂ ತಪ್ಪು ಉಳಿದರೆ ಸಾಫ್ಟ್‌ವೇರ್ ಕೊಟ್ಟವರನ್ನು ಕರೆಯಿರಿ. ಬರೀ ‘ಕೆಲಸ ಮಾಡ್ತಿಲ್ಲ’ ಎಂದರೆ ಅವರು ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ನೋಟ್‌ಬುಕ್ಕಿನ ಪುಟದ ಫೋಟೊ, ಸುಳ್ಳು ಅಲಾರಮ್ಮಿನ ಐದು ತುಣುಕು, ತಪ್ಪಿಹೋದದ್ದರ ಒಂದು ತುಣುಕು, 10 ಮೀಟರ್ ನಡಿಗೆಯ ಮೂರು ಅಳತೆ, ಈಗಿನ ಮಾಸ್ಕಿನ ಚಿತ್ರ, ಇಷ್ಟನ್ನು ಮೊದಲೇ ಕೈಗೆ ಕೊಡಿ. ಅವರು ಮಿತಿ ಬದಲಿಸಿದರೆ ಹಳೆಯ ಅಂಕೆ, ಹೊಸ ಅಂಕೆ, ತಾರೀಕು ಮೂರನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು, ಅವರು ಹೊರಡುವ ಮೊದಲೇ ಇನ್ನೊಂದು ಸಲ ಗೆರೆ ದಾಟಿ ನೋಡಿ.